ಮಟ್ಟ ಮತ್ತು ವಾಟ

ಸಿಂಧನೂರಿನ ನಮ್ಮ ಮನೆಯ ಬಚ್ಚಲು ರಿಪೇರಿಗೆಂದು ಆನ್‌ಲೈನಿನಲ್ಲಿ ಲೇಸರ್ ಲೆವೆಲ್ ತರಿಸಿದ್ದೆ. ಗುಂಡಿ ಒತ್ತಿದರೆ ಗೋಡೆಯ ಮೇಲೆ ಹಸಿರು ಗೆರೆ. ಪೆಟ್ಟಿಗೆ ತುಸು ಓರೆಯಾಗಿದ್ದರೂ ಗೆರೆ ತಾನೇ ಸಮನಾಗುತ್ತದೆ. ತೀರಾ ಓರೆಯಾದರೆ ಮಿಣುಕಿ ಎಚ್ಚರಿಸುತ್ತದೆ. ಮೇಸ್ತ್ರಿ ಹಾಸಿದ ಹೊಸ ನೆಲವನ್ನು ಆ ಗೆರೆಯಿಂದ ಟೇಪು ಹಿಡಿದು ಅಳೆದೆ. ಬಾಗಿಲಿನಿಂದ ಮೋರಿಯವರೆಗಿನ ಆರು ಅಡಿಯಲ್ಲಿ ಮುಕ್ಕಾಲು ಇಂಚು ಇಳಿದಿತ್ತು.

‘ಕಾಕಾ, ನೆಲ ಸಮ ಇಲ್ಲ’ ಎಂದೆ.

‘ಸಮ ಮಾಡಿದ್ರ ನೀರು ಎಲ್ಲಿಗಿ ಹೋಗಬೇಕೋ ತಮ್ಮಾ? ಅದು ವಾಟ.’

ಈ ಭಾಗದ ನೀರಾವರಿ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನಗೆ ನಾಚಿಕೆಯಾಯಿತು. ಮಟ್ಟ ನೋಡುವುದು ಎಲ್ಲವನ್ನೂ ಸಮ ಮಾಡುವುದಕ್ಕಲ್ಲ, ಎಷ್ಟು ಇಳಿಸಬೇಕೆಂದು ತಿಳಿಯುವುದಕ್ಕೆ.

ನನ್ನ ಪೆಟ್ಟಿಗೆಯೂ ಅಷ್ಟೇನೂ ಹೊಸದಲ್ಲ. 1661ರ ಹೊತ್ತಿಗೆ ಫ್ರಾನ್ಸಿನ ತೆವೆನೋ ಗಾಜಿನ ನಳಿಕೆಯಲ್ಲಿ ಗುಳ್ಳೆಯನ್ನು ಹಿಡಿದಿಟ್ಟು ರಸಮಟ್ಟ ಮಾಡಿದ. 1960ರಲ್ಲಿ ಮೈಮನ್ ಮೊದಲ ಲೇಸರ್ ಬೆಳಗಿಸಿದ. ಆದರೆ ಪೆಟ್ಟಿಗೆಯೊಳಗೆ ಗೆರೆಯನ್ನು ಸಮ ಮಾಡುವುದು ಒಂದು ಲೋಲಕ, ಅದರ ತೂಗಾಟ ನಿಲ್ಲಿಸಲು ಆಯಸ್ಕಾಂತ. ಅಂದರೆ ಮೇಸ್ತ್ರಿಯ ದಾರದ ತುದಿಯ ತೂಕದ ಗುಂಡೇ.

ಇದೇ ಲೆಕ್ಕ ನಮ್ಮೂರಿನ ಹಣೆಬರಹವನ್ನೂ ಬರೆದಿದೆ. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಅದರ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು. ಇಂಥ ಕಾಲುವೆಯ ವಾಟ ಹೆಚ್ಚಾದರೆ ನೀರು ದಂಡೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಕಾಲುವೆಗಿಂತ ತಗ್ಗಿನಲ್ಲಿದ್ದ ಸಿಂಧನೂರಿನ ಹೊಲಗಳು ಭತ್ತದ ಗದ್ದೆಗಳಾದವು. ಎತ್ತರದವು ಮಳೆಯನ್ನೇ ನೆಚ್ಚಿಕೊಂಡವು.

2020ರ ಕೊನೆಗೆ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಧರಣಿ ಕೂತರು. ಹರಿದು ಬರುವ ನೀರೋ, ಪಂಪಿನಿಂದ ಎತ್ತಿ ಕೊಡುವ ನೀರೋ ಎಂಬುದೇ ಅಲ್ಲಿನ ಜಗಳ. ವಾಟದ ಮಾತು ರಾಜಕೀಯದ ಮಾತೂ ಹೌದು ಎಂಬುದು ನನಗೆ ಅರ್ಥವಾದದ್ದು ಬಚ್ಚಲಲ್ಲಿ ನಿಂತಾಗ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಹಳಬರು ಚಿನ್ನಕ್ಕಾಗಿ ಬಂಡೆ ಕೊರೆದು ಆಳಕ್ಕಿಳಿದಿದ್ದರು. ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಗಣಿ ಎಂಜಿನಿಯರು. ದೊರೆಯ ಹೆಸರು ಕಲ್ಲಿನಲ್ಲಿ ಉಳಿಯಿತು, ಕಂಡವನ ಹೆಸರು ಪುಸ್ತಕದಲ್ಲಿ. ಕಾಲುವೆ ಅಳೆಯುವಾಗ ಬಿಸಿಲಲ್ಲಿ ಕೋಲು ಹಿಡಿದು ನಿಂತವರ ಹೆಸರು ನಾನು ಓದಿದ ಯಾವ ಕಡತದಲ್ಲೂ ಸಿಕ್ಕಿಲ್ಲ.

ಮರುದಿನ ಅಂಗಳದ ಕೆಲಸಕ್ಕೆ ಕಾಕಾ ನನ್ನ ಪೆಟ್ಟಿಗೆಯನ್ನೇ ಕೇಳಿದರು. ಹಸಿರು ಗೆರೆಯಿಂದ ಟೇಪು ಇಳಿಸಿ, ಮೋರಿಯ ಕಡೆ ತುಸು ಹೆಚ್ಚು ಅಳೆದು ಗುರುತು ಹಾಕಿದರು. ಟೇಪಿನ ಇನ್ನೊಂದು ತುದಿ ಹಿಡಿದವನು ನಾನು.