ಉಳಿಯದ ಉಪಕರಣದ ಚರಿತ್ರೆ: ಕೆಮ್ಮಣ್ಣಿನ ಮಾವಿನೆಲೆಯೂ ಹಲ್ಲುಜ್ಜುವ ಬ್ರಷ್ಷೂ

ಹಲ್ಲುಜ್ಜುವ ಬ್ರಷ್ಷಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1780ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಅದರ ತಯಾರಿಕೆಗೆ ಕೈಹಾಕಿದ ವಿಲಿಯಂ ಆಡಿಸನಿಂದ ಆರಂಭಿಸುತ್ತಾರೆ. ಆತನು ಸೆರೆಮನೆಯಲ್ಲಿ ಮೂಳೆಗೆ ತೂತು ಕೊರೆದು ಕೂದಲು ಸಿಕ್ಕಿಸಿದನೆಂಬ ಕಥೆ ರಂಜಕವಾದುದು. ಆದರೆ ಅದನ್ನೇ ಮೂಲವೆಂದು ಹಿಡಿಯುವಂತಿಲ್ಲ. ಚೀನಾದ ಉತ್ತರದಲ್ಲಿ, ಲಿಯಾವ್ ವಂಶದ ಕಾಲಕ್ಕೆ ಸೇರಿದ 10ನೆಯ ಶತಮಾನದ ಗೋರಿಯೊಂದರಲ್ಲಿ ಅಂತಹ ತೂತುಗಳುಳ್ಳ ಹಿಡಿಗಳು ದೊರೆತಿವೆ. ಹಿಡಿ ಉಳಿದುದರಿಂದ ಚರಿತ್ರೆಯೂ ಉಳಿಯಿತು. ಇದೇ ಕ್ರಮವನ್ನು ಉಡುಪಿಗೆ ಸಮೀಪದ, ಸುವರ್ಣಾ ನದಿಯ ದಡದ ಕೆಮ್ಮಣ್ಣಿಗೆ ಅನ್ವಯಿಸಿದರೆ, ಬ್ರಷ್ ಬರುವ ಮೊದಲು ಇಲ್ಲಿ ಏನೂ ಇರಲಿಲ್ಲವೆಂಬ ವಿಚಿತ್ರ ನಿರ್ಣಯಕ್ಕೆ ಬರಬೇಕಾದೀತು.

ಇಲ್ಲಿದ್ದುದು ಮಾವಿನ ಎಲೆ. ತುಳುವಿನಲ್ಲಿ ಕುಕ್ಕುದ ಇರೆ. ಬೆಳಿಗ್ಗೆ ಅಂಗಳದ ಮರದಿಂದ ಎಲೆಯೊಂದನ್ನು ಕಿತ್ತು, ನಡುವಿನ ನಾರನ್ನು ಬಿಡಿಸಿ, ಎಲೆಯನ್ನು ಮಡಚಿ ಬೆರಳಿನಿಂದ ಹಲ್ಲಿಗೆ ಒತ್ತಿ ಉಜ್ಜುತ್ತಿದ್ದರು. ಉಮಿಯನ್ನು ಸುಟ್ಟ ಕರಿಯನ್ನೂ ಉಪ್ಪನ್ನೂ ಕೆಲವರು ಬಳಸುತ್ತಿದ್ದರು. ತೆಂಗಿನ ಗರಿಯ ಕಡ್ಡಿಯನ್ನು ಸೀಳಿ ಬಾಗಿಸಿದರೆ ನಾಲಗೆ ಹೆರೆಯುವ ಸಾಧನವೂ ಸಿದ್ಧ. ಕೆಲಸ ಮುಗಿದೊಡನೆ ಎಲ್ಲವೂ ತೆಂಗಿನ ಬುಡಕ್ಕೆ ಬೀಳುತ್ತಿತ್ತು.

ಶಾಸ್ತ್ರಗ್ರಂಥಗಳು ಹೇಳುವುದಾದರೋ ಕಡ್ಡಿಯನ್ನು. ಸುಶ್ರುತಸಂಹಿತೆಯಲ್ಲಿ ದಂತಕಾಷ್ಠವು ಹನ್ನೆರಡು ಅಂಗುಲ ಉದ್ದವಿದ್ದು, ಗಂಟಿಲ್ಲದೆ ನೇರವಾಗಿರಬೇಕೆಂದು ವಿಧಿಸಿದೆ. ಕಡ್ಡಿ ದೊರೆಯದಾಗ ಹನ್ನೆರಡು ಸಲ ಬಾಯಿ ಮುಕ್ಕಳಿಸಿದರೆ ಸಾಕೆಂದು ಧರ್ಮಶಾಸ್ತ್ರಕಾರರು ಅವಕಾಶವಿತ್ತಿದ್ದಾರೆ. ಗ್ರಂಥವನ್ನು ಮಾತ್ರ ಓದಿದವನು ಕರಾವಳಿಯ ಜನರೆಲ್ಲ ಕಡ್ಡಿಯನ್ನೇ ಜಗಿದರೆಂದು ಬರೆದಾನು. ಮಾವಿನೆಲೆ ಅವನ ಕಣ್ಣಿಗೆ ಬೀಳದು. ಆದರೆ ಕಡ್ಡಿಗೂ ಎಲೆಗೂ ಸಮಾನವಾದ ಒಂದು ಗುಣವುಂಟು. 671ರಲ್ಲಿ ಚೀನಾದಿಂದ ಹೊರಟು ಭಾರತಕ್ಕೆ ಬಂದ ಯಾತ್ರಿಕ ಇತ್ಸಿಂಗನು ಇಲ್ಲಿಯ ಭಿಕ್ಷುಗಳ ದಂತಧಾವನವನ್ನು ವಿವರವಾಗಿ ದಾಖಲಿಸಿದ್ದಾನೆ. ಅವರು ಕಡ್ಡಿಯ ತುದಿಯನ್ನು ಜಗಿದು ಉಜ್ಜಿ, ಅದರಿಂದಲೇ ನಾಲಗೆಯನ್ನು ಹೆರೆದು, ಬಳಿಕ ಅದನ್ನು ಎಸೆಯುತ್ತಿದ್ದರು; ಎಸೆಯುವ ರೀತಿಗೂ ಒಂದು ಶಿಸ್ತು ಇತ್ತು.

ಎಸೆಯುವುದೇ ಇಲ್ಲಿ ಮುಖ್ಯವೆಂದು ನಮ್ಮ ಅಭಿಪ್ರಾಯ. ಬ್ರಷ್ಷು ಬಾಯಿಗೆ ಹೋಗಿ ಬಂದ ಮೇಲೂ ಮನೆಯಲ್ಲಿ ಉಳಿಯುವ ವಸ್ತು. ಎಂಜಲಿನ ಭಾವನೆ ಬಲವಾಗಿದ್ದ ಮನೆಯಲ್ಲಿ ಅದನ್ನು ನಾಳೆಗೆಂದು ಕಾಯ್ದಿಡುವುದು ಸಣ್ಣ ಮಾತಲ್ಲ. ಇದರ ಜೊತೆಗೆ ಹಳೆಯ ಬ್ರಷ್ಷುಗಳ ಬಿರುಗೂದಲು ಬಹುಮಟ್ಟಿಗೆ ಹಂದಿಯದಾಗಿತ್ತು. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಯ ಬ್ರಷ್ ಮಾರಾಟಕ್ಕೆ ಬಂದಾಗ ಎರಡನೆಯ ತೊಡಕು ನೀಗಲು ದಾರಿಯಾಯಿತು, ಮೊದಲನೆಯದಲ್ಲ. ಅದಕ್ಕೆ ಕಾಲವೇ ಬೇಕಾಯಿತು. ನಂಜನಗೂಡಿನಲ್ಲಿ 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಅಷ್ಟೊಂದು ಜನಪ್ರಿಯವಾದುದಕ್ಕೆ ಇದೂ ಒಂದು ಕಾರಣವಿರಬಹುದು: ಪುಡಿಯನ್ನು ಕೊಂಡರೂ ಉಜ್ಜುವುದಕ್ಕೆ ಬೆರಳೇ ಸಾಕಾಗಿತ್ತು.

ಹಳೆಯದೆಲ್ಲವೂ ಹಿತವೆಂದು ನಾವು ವಾದಿಸುತ್ತಿಲ್ಲ. ಒರಟಾದ ಕರಿ ಹಲ್ಲಿನ ಮೇಲ್ಪದರವನ್ನು ಸವೆಸುತ್ತದೆಂಬುದು ವೈದ್ಯರ ಮಾತು. ಕೆಮ್ಮಣ್ಣಿಗೆ ಹತ್ತಿರದ ಮಣಿಪಾಲದಲ್ಲಿ 1965ರಲ್ಲಿ ದಂತವೈದ್ಯ ಕಾಲೇಜು ಆರಂಭವಾದಂದಿನಿಂದ ಇಂತಹ ತಿಳಿವಳಿಕೆ ಈ ಭಾಗಕ್ಕೆ ಸುಲಭವಾಗಿ ದೊರೆಯುವಂತಾಯಿತು. ನಮ್ಮ ಚಿಂತೆ ಬೇರೆ. ಎಲೆಯಿಂದ ಬ್ರಷ್ಷಿಗೆ ಸರಿದ ಈ ಮಾರ್ಪಾಡಿಗೆ ಶಾಸನವಿಲ್ಲ, ಕಡತವಿಲ್ಲ, ಅಗೆದರೆ ಸಿಗುವ ಅವಶೇಷವಿಲ್ಲ. ಇರುವುದು ಎಂಬತ್ತು ದಾಟಿದ ಕೆಲವರ ನೆನಪು ಮಾತ್ರ. ಆದಕಾರಣ ಈ ಭಾಗದ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು: ಮನೆಗೆ ಮೊದಲ ಬ್ರಷ್ ಯಾರ ಕೈಯಲ್ಲಿ, ಯಾವ ಊರಿನಿಂದ ಬಂತು? ಮೊದಲು ಬಳಸಿದವರು ಯಾರು, ಬಳಸಲೊಲ್ಲದವರು ಯಾರು? ಉಜ್ಜಿದ ಮೇಲೆ ಅದನ್ನು ಬಾವಿಕಟ್ಟೆಯಲ್ಲಿ ಇಡುತ್ತಿದ್ದರೋ, ಬಚ್ಚಲಿನಲ್ಲೋ, ಮಾಡಿನ ಸಂದಿಯಲ್ಲೋ?