ಇಸವಿಗಳ ದಾರಿಯಲ್ಲಿ ಎರಡು ದಿನ

ಕಳೆದ ವಾರ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. "ಸರ್, ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಬಾದಾಮಿ ಕಡೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಎರಡು ದಿನ ಸಾಕೇ? ಮೊದಲು ಯಾವ ಊರು ನೋಡಲಿ?" ಎಂದಳು. ಎರಡು ಮಾತಿನಲ್ಲಿ ಉತ್ತರಿಸಬಹುದಿತ್ತು. ನನ್ನಿಂದಾಗಲಿಲ್ಲ. ಏಕೆಂದರೆ ಆ ಪ್ರವಾಸದ ಒಂದು ಋಣ ನನ್ನ ಮೇಲಿದೆ. ಅದನ್ನು ನಿಮ್ಮೆಲ್ಲರ ಮುಂದೆ ಹೇಳಿಬಿಡುವುದೇ ಒಳ್ಳೆಯದೆಂದು ಇದನ್ನು ಬರೆಯುತ್ತಿದ್ದೇನೆ.

1994ರಲ್ಲಿ ನಾವು ಹತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಶೈಕ್ಷಣಿಕ ಪ್ರವಾಸ ಕರೆದೊಯ್ದಿದ್ದೆವು. ಒಂದೇ ದಿನದಲ್ಲಿ ಮೂರೂ ಊರು. ಗುಹೆಗಳಿಗೆ ಒಂದು ಗಂಟೆ, ಪಟ್ಟದಕಲ್ಲಿಗೆ ಅರ್ಧ ಗಂಟೆ. ಐಹೊಳೆ ತಲುಪುವಾಗ ಸೂರ್ಯ ಮುಳುಗುತ್ತಿದ್ದ. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ಒಬ್ಬ ಹುಡುಗ, "ಸರ್, ಹರ್ಷನನ್ನು ಸೋಲಿಸಿದ ಇಮ್ಮಡಿ ಪುಲಕೇಶಿ ಕೊನೆಗೆ ಏನಾದ?" ಎಂದು ಕೇಳಿದ. ನಾನು, "ಅದು ಪರೀಕ್ಷೆಗೆ ಬರುವುದಿಲ್ಲ. ಬಸ್ಸಿಗೆ ಹೊತ್ತಾಯಿತು, ನಡೆ" ಎಂದುಬಿಟ್ಟೆ. ಉತ್ತರ ನನಗೆ ಗೊತ್ತಿತ್ತು. ನಮ್ಮ ರಾಜನ ಸೋಲನ್ನು ಅವನ ರಾಜಧಾನಿಯಲ್ಲಿಯೇ ನಿಂತು ಹೇಳಲು ಮನಸ್ಸಾಗಲಿಲ್ಲ, ಅಷ್ಟೆ.

ಆ ಉತ್ತರ ಸಿಗಬೇಕಾದರೆ ಈ ಮೂರು ಊರುಗಳನ್ನು ಭೂಪಟದ ಕ್ರಮದಲ್ಲಿ ನೋಡಬಾರದು, ಇಸವಿಯ ಕ್ರಮದಲ್ಲಿ ನೋಡಬೇಕು. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿಲೋಮೀಟರ್. ಐಹೊಳೆ ಅಲ್ಲಿಂದ ಇನ್ನೂ ಮುಂದೆ. ದಾರಿಯಲ್ಲಿ ಸಿಗುವ ಪಟ್ಟದಕಲ್ಲನ್ನು ಮೊದಲ ದಿನ ಇಳಿಯದೆ ದಾಟಿ ಹೋಗಿರಿ. ಮಕ್ಕಳು ಗೊಣಗುತ್ತಾರೆ, ಗೊಣಗಲಿ. ಅದು ಕಥೆಯ ಕೊನೆಯ ಅಧ್ಯಾಯ.

ಮೊದಲ ದಿನ ಬೆಳಗ್ಗೆ ಐಹೊಳೆ. ದುರ್ಗದ ಗುಡಿ, ಲಾಡಖಾನ್ ಗುಡಿಗಳನ್ನು ನೋಡಿದ ಮೇಲೆ ಬಿಸಿಲೇರುವ ಮುನ್ನ ಮೇಗುತಿ ಗುಡ್ಡವನ್ನು ಹತ್ತಿರಿ. ಅಲ್ಲಿಯ ಜೈನ ದೇವಾಲಯದ ಗೋಡೆಯಲ್ಲಿ ಕವಿ ರವಿಕೀರ್ತಿ 634ರಲ್ಲಿ ಬರೆಸಿದ ಸಂಸ್ಕೃತ ಶಾಸನವಿದೆ. ತನ್ನನ್ನು ಕಾಳಿದಾಸ, ಭಾರವಿಯರಿಗೆ ಸಮನೆಂದು ಹೇಳಿಕೊಂಡ ಕವಿ ಆತ. ಪುಲಕೇಶಿ ಹರ್ಷನನ್ನು ಗೆದ್ದುದೂ, ಪಲ್ಲವರ ದೊರೆ ಕಾಂಚಿಯ ಕೋಟೆಯೊಳಗೆ ಅಡಗಬೇಕಾಗಿ ಬಂದುದೂ ಅದರಲ್ಲಿವೆ. ಅಮೀನಗಡದ ಕರದಂಟು ಇಲ್ಲಿಗೆ ಹತ್ತಿರದ ಸರಕು. ಅಂಟು, ಬೆಲ್ಲ, ಒಣಹಣ್ಣುಗಳ ಆ ತುಂಡೊಂದು ಚೀಲದಲ್ಲಿದ್ದರೆ ಗುಡ್ಡ ಹತ್ತಿದ ದಣಿವು ತಿಳಿಯದು. ಹಿಂದಿರುಗುವಾಗ ಮಹಾಕೂಟದಲ್ಲಿ ನಿಲ್ಲಿರಿ. ಮರಗಳ ನೆರಳಿನ ಆ ಪುಷ್ಕರಣಿಯಲ್ಲಿ ಈಜು ಬಲ್ಲವರು ಮೀಯುತ್ತಾರೆ. ಇಲ್ಲಿದ್ದ ಮಂಗಳೇಶನ ಶಾಸನಸ್ತಂಭ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ.

ಎರಡನೆಯ ದಿನ ಬೆಳಗ್ಗೆ ಬಾದಾಮಿ. ಒಂದನೆಯ ಪುಲಕೇಶಿ 543ರಲ್ಲಿ ಈ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದನೆಂದು ಬಂಡೆಯ ಶಾಸನವೇ ಹೇಳುತ್ತದೆ. ನಾಲ್ಕು ಗುಹೆಗಳಲ್ಲಿ ಮೂರನೆಯದು 578ರದು. ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದು ಹೋಗಬೇಡಿ. ಕೋತಿಗಳು ಕೇಳಿ ಪಡೆಯುವುದಿಲ್ಲ. ಗುಹೆಗಳಾದ ಮೇಲೆ ಕೆರೆಯ ಆಚೆಯ ಉತ್ತರದ ಬೆಟ್ಟವನ್ನು ಹತ್ತಿರಿ. ಕೆಂಪು ಮರಳುಗಲ್ಲಿನ ಸೀಳುಗಳ ನಡುವೆ ಮೆಟ್ಟಿಲ ದಾರಿ. ಮೇಲೆ ಶಿವಾಲಯಗಳು, ಕಣಜಗಳು. ಹಗ್ಗ ಕಟ್ಟಿ ಬಂಡೆ ಏರುವವರು ದೂರದೂರದಿಂದ ಇಲ್ಲಿಗೆ ಬರುತ್ತಾರೆ. ನಿಮ್ಮ ಮಕ್ಕಳಿಗೂ ಆಸೆಯಾದರೆ ತರಬೇತಿ ಪಡೆದವರ ಕೈಗೆ ಒಪ್ಪಿಸಿರಿ, ತಾವಾಗಿ ಹತ್ತಲು ಬಿಡಬೇಡಿ.

ಆ ಎತ್ತರದಲ್ಲಿ ಕುಳಿತು ನಾನು ಹೇಳದೆ ಉಳಿಸಿದ್ದನ್ನು ಹೇಳಿರಿ. ರವಿಕೀರ್ತಿಯ ಶಾಸನ ಬರೆದು ಎಂಟೇ ವರ್ಷಕ್ಕೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಈ ಊರನ್ನು ಗೆದ್ದ. ಪುಲಕೇಶಿ ಆ ಯುದ್ಧದಲ್ಲಿಯೇ ಮಡಿದನೆಂದು ಇತಿಹಾಸಕಾರರು ಭಾವಿಸುತ್ತಾರೆ. ಗೆದ್ದವನು 'ವಾತಾಪಿಕೊಂಡ' ಎಂಬ ಬಿರುದು ಧರಿಸಿದ. ಬಾದಾಮಿಯ ಬಂಡೆಯೊಂದರ ಮೇಲೆ ಶಾಸನ ಕೆತ್ತಿಸಿದ. ಆ ಶಾಸನ ಸವೆದಿದ್ದರೂ ಇಂದಿಗೂ ಇದೆ. ಒಂದನೆಯ ವಿಕ್ರಮಾದಿತ್ಯ ರಾಜ್ಯವನ್ನು ಮರಳಿ ಕಟ್ಟುವ ಹೊತ್ತಿಗೆ ಹದಿಮೂರು ವರ್ಷಗಳೇ ಕಳೆದಿದ್ದವು.

ಮಧ್ಯಾಹ್ನದ ಊಟಕ್ಕೆ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಿರಿ. ಗುಡಿಯ ಬಳಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು ತಂದು ಕರೆದು ಬಡಿಸುತ್ತಾರೆ. ಹೊಂಡದ ಕಲ್ಲುಮಂಟಪದ ನೆರಳಿನಲ್ಲಿ ಕುಳಿತು ಉಣ್ಣುವ ಆ ಊಟದ ಸೊಗಸು ಯಾವ ಹೋಟೆಲಿನಲ್ಲೂ ಇಲ್ಲ. ಚೌಕಾಸಿ ಮಾಡಬೇಡಿ, ಬೆಳಗಿನ ಜಾವ ಎದ್ದು ರೊಟ್ಟಿ ತಟ್ಟಿದ ಕೈಗಳವು.

ಸಂಜೆ ಪಟ್ಟದಕಲ್ಲು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ. ಪುಲಕೇಶಿಯ ಸೋಲಿನ ಸುಮಾರು ನೂರು ವರ್ಷಗಳ ನಂತರ ಅವನ ವಂಶದ ಎರಡನೆಯ ವಿಕ್ರಮಾದಿತ್ಯ ಕಾಂಚಿಯನ್ನು ಗೆದ್ದ. ಸೇಡಿಗೆ ಕಾರಣವಿತ್ತು, ಸೈನ್ಯವೂ ಇತ್ತು. ಆದರೆ ಅವನು ಅಲ್ಲಿಯ ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಹಿಂದಿರುಗಿಸಿದ. ಇಂದು ನಾವು ಕೈಲಾಸನಾಥ ಎನ್ನುವ ಆ ಗುಡಿಯ ಕಂಬದಲ್ಲಿ ಹಾಗೆಂದು ಕನ್ನಡದಲ್ಲಿ ಬರೆಸಿದ. ಅವನ ರಾಣಿ ಲೋಕಮಹಾದೇವಿ ಆ ವಿಜಯದ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಲೋಕೇಶ್ವರವೇ ಇಂದಿನ ವಿರೂಪಾಕ್ಷ ದೇವಾಲಯ. ಅದರ ರೂಪದಲ್ಲಿ ಕಾಂಚಿಯ ಗುಡಿಯ ಛಾಯೆಯಿದೆ. ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆ. ಸೋತವರ ಊರಿನ ಶಿಲ್ಪವನ್ನು ಮೆಚ್ಚಿ ತಮ್ಮ ಊರಿಗೆ ತರುವುದೂ ಒಂದು ಗೆಲುವೇ. ಇದನ್ನು ತಿಳಿಯಬೇಕಾದರೆ 642ರ ಸೋಲನ್ನು ಮುಚ್ಚಿಡಬಾರದು. ನಾನು ಮುಚ್ಚಿಟ್ಟು, ಪಾಠದ ಅರ್ಧವನ್ನೇ ಕಳೆದಿದ್ದೆ.

ರೈಲಿನಲ್ಲಿ ಬರುವವರಿಗೆ ಹುಬ್ಬಳ್ಳಿ–ಸೊಲ್ಲಾಪುರ ಮಾರ್ಗದಲ್ಲಿ ಬಾದಾಮಿ ನಿಲ್ದಾಣವಿದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತ. ಬೇಸಿಗೆಯಲ್ಲಿ ಆ ಕಲ್ಲುಗಳು ಕಾದ ಹೆಂಚಿನಂತೆ. ಪುಷ್ಯ ಮಾಸದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಆಗ ವಸತಿಯನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಿರಿ.

ಕೆರೆಯ ದಂಡೆಯಲ್ಲಿ ಪ್ರಶ್ನೆ ಕೇಳಿದ ಆ ಹುಡುಗ ಈಗ ಎಲ್ಲಿರುವನೋ ತಿಳಿಯೆ. ಇದು ಅವನ ಕಣ್ಣಿಗೆ ಬಿದ್ದರೆ, ಮೂವತ್ತು ವರ್ಷ ತಡವಾಗಿ ಬಂದ ಉತ್ತರವೆಂದು ಸ್ವೀಕರಿಸಲಿ. ನೀವು ಅಲ್ಲಿಗೆ ಹೋದಾಗ ನಿಮ್ಮ ಮಕ್ಕಳು ಏನನ್ನಾದರೂ ಕೇಳಿದರೆ ದಯವಿಟ್ಟು ಗಡಿಯಾರ ನೋಡಬೇಡಿ.