ಎಲೆಯೊಳಗಿನ ಇತಿಹಾಸ

ಕಾರ್ಕಳದ ಬೆಟ್ಟದ ಮೇಲೆ ನಿಂತ ಗೊಮ್ಮಟನಿಗೆ ಒಂದು ತೇದಿ ಉಂಟು. ವೀರಪಾಂಡ್ಯ ಭೈರರಸನು 1432ರಲ್ಲಿ ಆ ಮೂರ್ತಿಯನ್ನು ಪ್ರತಿಷ್ಠೆ ಮಾಡಿಸಿದನೆಂದು ಶಾಸನವೇ ಹೇಳುತ್ತದೆ. ಶಾಲೆಯ ಮಕ್ಕಳೂ ಅದನ್ನು ತಡವರಿಸದೆ ಒಪ್ಪಿಸುತ್ತಾರೆ. ಆದರೆ ಆ ಬೆಟ್ಟಕ್ಕೆ ಅನತಿದೂರದ ಕುಕ್ಕುಂದೂರಿನ ಮನೆಗಳಲ್ಲಿ ನಾಗರಪಂಚಮಿಯಂದು ಬೇಯುವ ಅರಸಿನ ಎಲೆಯ ಗಟ್ಟಿಗೆ ತೇದಿ ಯಾವುದು? ಅದನ್ನು ಕಲ್ಲಿನಲ್ಲಿ ಬರೆಯಿಸಿದ ಅರಸನಿಲ್ಲ. ಹಾಗೆಂದು ಅದಕ್ಕೆ ಇತಿಹಾಸವೇ ಇಲ್ಲವೆನ್ನಬಹುದೆ?

ಕನ್ನಡ ಸಾಹಿತ್ಯಕ್ಕೆ ಅಡುಗೆಮನೆ ಅಪರಿಚಿತವೇನಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದನು. ಆದರೆ ಕರಾವಳಿಯ ಸಾಮಾನ್ಯರ ಮನೆಯ ಗಟ್ಟಿಯ ಚರಿತ್ರೆಯನ್ನು ಗ್ರಂಥಕ್ಕಿಂತ ಮಿಗಿಲಾಗಿ ಅದರ ಸಾಮಗ್ರಿಯೇ ಹೇಳುತ್ತದೆ.

ಆ ಸಾಮಗ್ರಿಯನ್ನು ಕೊಂಚ ಗಮನಿಸಿರಿ. ಬೆಳ್ತಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಏಲಕ್ಕಿ, ಅರಸಿನದ ಎಲೆ. ಗೋದಿಯಿಲ್ಲ, ತುಪ್ಪವಿಲ್ಲ, ಎಣ್ಣೆಯ ಬಾಣಲೆಯಿಲ್ಲ. ಗದ್ದೆ ಮತ್ತು ಹಿತ್ತಿಲು ಕೊಟ್ಟದ್ದರಲ್ಲೇ ಹಬ್ಬ ಮಾಡಿಕೊಂಡ ಜನರ ತಿಂಡಿ ಇದು. ಮಳೆಗಾಲದ ಮೊದಲಲ್ಲಿ ನೆಟ್ಟ ಅರಸಿನದ ಗಡ್ಡೆ ಶ್ರಾವಣದ ಹೊತ್ತಿಗೆ ಅಗಲವಾದ ಎಲೆ ಬಿಟ್ಟಿರುತ್ತದೆ. ಹಬ್ಬವೂ ಆಗಲೇ ಬರುತ್ತದೆ. ಪಂಚಾಂಗವೂ ಹಿತ್ತಿಲೂ ಇಲ್ಲಿ ಒಂದೇ ಮಾತನ್ನಾಡುತ್ತವೆ.

ಮಾಡುವ ಕ್ರಮದಲ್ಲಿ ಮನೆಯವರೆಲ್ಲರಿಗೂ ಪಾಲುಂಟು. ನೆನೆದ ಅಕ್ಕಿಯನ್ನು ಒಬ್ಬರು ನುಣ್ಣಗೆ, ಗಟ್ಟಿಯಾಗಿ ಕಡೆಯುತ್ತಾರೆ. ಇನ್ನೊಬ್ಬರು ಕಾಯಿ ತುರಿದು ಬೆಲ್ಲ ಬೆರೆಸುತ್ತಾರೆ. ಮಕ್ಕಳು ಎಲೆ ತೊಳೆದು ಒರಸುತ್ತಾರೆ. ಎಲೆಯ ಮೇಲೆ ಹಿಟ್ಟನ್ನು ತೆಳ್ಳಗೆ ಸವರಿ, ನಡುವೆ ಹೂರಣವಿಟ್ಟು, ಎಲೆಯನ್ನು ಮಡಿಸಿ ಹಬೆಯಲ್ಲಿ ಬೇಯಿಸುವುದು ಹಿರಿಯಳ ಕೆಲಸ. ಅರ್ಧ ಗಂಟೆಯಲ್ಲಿ ಅರಸಿನದ ಕಂಪು ಅಂಗಳದವರೆಗೂ ಬರುತ್ತದೆ.

ಈ ಎಲೆ ಒಂದೇ ಸಮುದಾಯದ ಸೊತ್ತಲ್ಲ. ತುಳುವರ ಗಟ್ಟಿಯ ನೆರೆಯಲ್ಲೇ ಕೊಂಕಣಿಗರ ಪತೋಳಿ ಉಂಟು. ಗೋವೆಯಲ್ಲಿ ಪೋರ್ಚುಗೀಸರು 1560ರಲ್ಲಿ ಮತವಿಚಾರಣೆಯ ನ್ಯಾಯಪೀಠವನ್ನು ಸ್ಥಾಪಿಸಿದರು. ಆ ಕಾಲದಲ್ಲಿಯೂ ಅನಂತರವೂ ಹಿಂದೂಗಳು, ಕ್ರೈಸ್ತರು ಇಬ್ಬರೂ ದಕ್ಷಿಣಕ್ಕೆ ವಲಸೆ ಬಂದು ಕನ್ನಡ ಜಿಲ್ಲೆಯಲ್ಲಿ ನೆಲೆಸಿದರು. ಗೋವೆಯ ಕ್ರೈಸ್ತರು ಇಂದಿಗೂ ಆಗಸ್ಟ್ 15ರ ಮಾತೆ ಮರಿಯಳ ಹಬ್ಬಕ್ಕೆ ಇದೇ ಪತೋಳಿಯನ್ನು ಬೇಯಿಸುತ್ತಾರೆ. ದೇವರು ಬೇರೆ, ಹಬ್ಬ ಬೇರೆ. ಎಲೆ ಒಂದೇ, ಹೂರಣವೂ ಒಂದೇ.

ಕಡಲಾಚೆಗೂ ಕಣ್ಣು ಹಾಯಿಸೋಣ. ಫಿಲಿಪೈನ್ಸ್ ದ್ವೀಪಗಳ ಕುಟುಂಬಗಳು ‘ಸುಮನ್’ ಎಂಬ ಅಕ್ಕಿಯ ತಿಂಡಿಯನ್ನು ಬಾಳೆ ಅಥವಾ ತಾಳೆಯ ಜಾತಿಯ ಎಲೆಗಳಲ್ಲಿ ಸುತ್ತಿ ಬೇಯಿಸುತ್ತವೆ. ಅಲ್ಲಿನದು ಬೆಂದರೆ ಒಂದಕ್ಕೊಂದು ಅಂಟಿಕೊಳ್ಳುವ ಜಾತಿಯ ಅಕ್ಕಿ. ಆದುದರಿಂದ ಇಡಿಯ ಕಾಳನ್ನೇ ತೆಂಗಿನ ಹಾಲಿನಲ್ಲಿ ಬೇಯಿಸಿದರೂ ಮುದ್ದೆಯಾಗುತ್ತದೆ. ನಮ್ಮ ಅಕ್ಕಿಗೆ ಅಷ್ಟು ಅಂಟಿಲ್ಲ; ಆದುದರಿಂದ ನಾವು ಅದನ್ನು ಕಡೆದು ಹಿಟ್ಟು ಮಾಡುತ್ತೇವೆ. ಒಬ್ಬರಿಂದೊಬ್ಬರು ಕಲಿತರೆಂದು ಇದರಿಂದ ಸಾಧಿಸಬೇಕಾಗಿಲ್ಲ. ಅಕ್ಕಿಯೂ ತೆಂಗೂ ಬೆಳೆಯುವ ನಾಡುಗಳಲ್ಲಿ ತಾಯಂದಿರ ಬುದ್ಧಿ ಒಂದೇ ದಾರಿಯಲ್ಲಿ ನಡೆದಿದೆ ಎಂದರೆ ಸಾಕು.

ಇಂದು ಕಡೆಯುವ ಕಲ್ಲಿನ ಕೆಲಸವನ್ನು ವಿದ್ಯುತ್ ಯಂತ್ರ ಮಾಡುತ್ತದೆ. ಅದರಿಂದ ನಷ್ಟವೇನಿಲ್ಲ, ರಟ್ಟೆಗೆ ವಿಶ್ರಾಂತಿ ದೊರೆತಿದೆ. ಚಿಂತೆಯ ವಿಷಯ ಬೇರೆ. ಹಿಟ್ಟು ಎಷ್ಟು ಗಟ್ಟಿಯಿರಬೇಕು, ಎಷ್ಟು ತೆಳ್ಳಗೆ ಸವರಬೇಕು ಎಂಬ ಅಳತೆ ಯಾವ ಶಾಸನದಲ್ಲಿಯೂ ಇಲ್ಲ. ಅದು ಅಜ್ಜಿಯ ಬೆರಳಿನಲ್ಲಿದೆ. ಒಡೆದ ಶಾಸನವನ್ನು ಪಂಡಿತರು ಕೂಡಿಸಿ ಓದಿಯಾರು. ಒಂದು ತಲೆಮಾರು ಎಲೆಯ ಮುಂದೆ ಕುಳಿತುಕೊಳ್ಳದೆ ಹೋದರೆ ಈ ಬೆರಳಿನ ಪಾಠವನ್ನು ಮರಳಿ ಓದಿಸುವವರು ಯಾರು?

ಆದಕಾರಣ ಓದುಗರಲ್ಲಿ ಒಂದು ಬಿನ್ನಹ. ಮುಂದಿನ ಪಂಚಮಿಗೆ ಮಕ್ಕಳನ್ನು, ಗಂಡುಮಕ್ಕಳನ್ನೂ ಸೇರಿಸಿಯೇ, ಹಿರಿಯರ ಪಕ್ಕದಲ್ಲಿ ಕುಳ್ಳಿರಿಸಿರಿ. ಅವರು ಹೇಳಿದ ಅಳತೆಯನ್ನು ಒಂದು ಪುಸ್ತಕದಲ್ಲಿ ಬರೆದು, ಹೇಳಿದವರ ಹೆಸರನ್ನೂ ಆ ದಿನದ ತೇದಿಯನ್ನೂ ಕೆಳಗೆ ಕಾಣಿಸಿರಿ. ಗಟ್ಟಿಗೂ ಒಂದು ತೇದಿ ದೊರೆಯಲಿ.